ಭೂಫಲಕಗಳು ‘ತೇಲುತ್ತವೆ’ ಅನ್ನಬಹುದಾ?

ಗೆಳೆಯರೇ, ಒಂದು ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. “ಭೂಫಲಕಗಳು ಶಿಲಾಪಾಕದ ಮೇಲೆ ತೇಲುತ್ತವೆ” ಅನ್ನೋ ಮಾತು ಕನ್ನಡ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. (ಭೂಫಲಕ ಅಂದರೆ ಭೂಮಿಯ ಗಟ್ಟಿ ಹೊರಭಾಗದ ದೊಡ್ಡ ತುಂಡು, ಟೆಕ್ಟಾನಿಕ್ ಪ್ಲೇಟ್; ಶಿಲಾಪಾಕ ಅಂದರೆ ಕರಗಿದ ಕಲ್ಲು, ಮ್ಯಾಗ್ಮಾ.) ಓದಿದ ಮಕ್ಕಳ ಕಣ್ಣ ಮುಂದೆ ಏನು ಬರುತ್ತೆ ಯೋಚಿಸಿ. ನೆಲದಡಿ ಕೆಂಪಗೆ ಕುದಿಯೋ ಕಡಲು, ಅದರ ಮೇಲೆ ಓಲಾಡುವ ಖಂಡಗಳು, ಅಲ್ವಾ? ಆದರೆ ಅಂಥ ಕಡಲು ಅಲ್ಲಿ ಇಲ್ಲ.

ಭೂಕವಚದ (ಭೂಮಿಯ ಹೊರ ಸಿಪ್ಪೆಯ) ಕೆಳಗಿನಿಂದ ಸುಮಾರು 2900 ಕಿ.ಮೀ. ಆಳದವರೆಗೂ ಇರುವ ಮ್ಯಾಂಟಲ್ ಗಟ್ಟಿ ಕಲ್ಲು. ಭೂಕಂಪದ ಎಸ್ ಅಲೆಗಳು (ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತ ಸಾಗುವವು) ದ್ರವದಲ್ಲಿ ಸಾಗುವುದಿಲ್ಲ, ಮ್ಯಾಂಟಲ್‌ನಲ್ಲಿ ಆರಾಮಾಗಿ ಸಾಗುತ್ತವೆ. ಅವು ನಿಲ್ಲುವುದು ಮ್ಯಾಂಟಲ್‌ನ ಕೆಳಗಿರುವ ಹೊರ ಕೇಂದ್ರಗೋಳಕ್ಕೆ ಬಂದಾಗ, ಯಾಕೆಂದರೆ ಅದು ಕರಗಿದ ಕಬ್ಬಿಣ, ನಿಕ್ಕಲ್. ಅದಕ್ಕೂ ಒಳಗಿನದು ಮತ್ತೆ ಗಟ್ಟಿ, ಇದನ್ನು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್. ಶಿಲಾಪಾಕ ಹುಟ್ಟುವುದು ಮ್ಯಾಂಟಲ್‌ನ ಮೇಲ್ಭಾಗದಲ್ಲಿ, ಕವಚದಲ್ಲಿ, ಅದೂ ಕೆಲವು ಕಡೆ ಮಾತ್ರ.

ಕೆಲವು ಜ್ವಾಲಾಮುಖಿಗಳು ಮ್ಯಾಂಟಲ್‌ನ ತುಣುಕನ್ನೇ ಮೇಲಕ್ಕೆ ತಂದುಬಿಡುತ್ತವೆ. ಕಪ್ಪು ಬಸಾಲ್ಟ್ ಕಲ್ಲು ಒಡೆದರೆ ಒಳಗೆ ಮುಷ್ಟಿಯಷ್ಟು ದೊಡ್ಡ ಹಸಿರು ಗಂಟು ಕಾಣುತ್ತದೆ, ಹರಳು ಹರಳಾಗಿ ಉದುರುವ ಆಲಿವೀನ್. ಎಷ್ಟೋ ಗಂಟುಗಳ ಮೂಲೆಗಳು ಇನ್ನೂ ಚೂಪಾಗೇ ಇರುತ್ತವೆ, ಅಂದರೆ ಅವು ಕರಗಿರಲಿಲ್ಲ, ಗಟ್ಟಿಯಾಗೇ ಒಡೆದು ಬಂದವು. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಇರುವುದು ಜಾಸ್ತಿ ಈ ಹಸಿರು ಕಲ್ಲೇ, ಕೆಂಪು ದ್ರವ ಅಲ್ಲ.

ಹಾಗಂತ ಅದು ಅಲ್ಲಾಡದೆ ನಿಂತಿಲ್ಲ, ಹರಿಯುತ್ತದೆ. ಗಟ್ಟಿ ವಸ್ತು ಹರಿಯುತ್ತೆ ಅನ್ನೋದಕ್ಕೆ ಕನ್ನಡ ಹಿಂಜರಿಯಬೇಕಿಲ್ಲ, ‘ಹಿಮನದಿ’ ಅಂತ ಆಗಲೇ ಅಂದಿದ್ದೀವಿ. ಸ್ಕ್ಯಾಂಡಿನೇವಿಯಾದ ಮೇಲಿದ್ದ ದಪ್ಪ ಹಿಮ ಕರಗಿ ಸಾವಿರಾರು ವರ್ಷ ಆದರೂ ಸ್ವೀಡನ್, ಫಿನ್ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯ ದಡ ಇವತ್ತಿಗೂ ವರ್ಷಕ್ಕೆ ಸುಮಾರು 1 ಸೆಂ.ಮೀ. ಮೇಲೇಳುತ್ತಿದೆ, ಆಗ ಹಿಮದ ಭಾರಕ್ಕೆ ಪಕ್ಕಕ್ಕೆ ಸರಿದಿದ್ದ ಮ್ಯಾಂಟಲ್ ನಿಧಾನಕ್ಕೆ ವಾಪಸ್ ಬರುತ್ತಿದೆ.

ನನಗೆ ‘ತೇಲು’ ಜಾಸ್ತಿ ಚುಚ್ಚುವುದು ಬೇರೆ ಕಾರಣಕ್ಕೆ. ಫಲಕಗಳನ್ನು ಓಡಿಸುವ ದೊಡ್ಡ ಬಲವೇ ಮುಳುಗುವುದು! ಸಾಗರದ ನಡುವಿನ ಏಣಿನಲ್ಲಿ (ಕಡಲತಳದ ಬೆಟ್ಟಸಾಲಿನಲ್ಲಿ) ಹುಟ್ಟಿದ ಫಲಕ ದೂರ ಸಾಗಿದಂತೆ ತಣ್ಣಗಾಗುತ್ತದೆ, ದಪ್ಪವಾಗುತ್ತದೆ, ಕೊನೆಗೆ ಕೆಳಗಿನ ಮ್ಯಾಂಟಲ್‌ಗಿಂತ ಭಾರವಾಗಿ ಕಡಲತಳದ ಆಳವಾದ ಕಂದಕದಲ್ಲಿ ಇಳಿಯುತ್ತದೆ. ಇಳಿದ ಭಾಗ ಉಳಿದದ್ದನ್ನು ಎಳೆಯುತ್ತದೆ, ಮೇಜಿನ ಅಂಚಿನಿಂದ ಜಾರಿದ ಬಟ್ಟೆ ತನ್ನ ಭಾರಕ್ಕೆ ತಾನೇ ಪೂರ್ತಿ ಜಾರುವ ಹಾಗೆ. ಏಣಿನ ಕಡೆಯಿಂದ ತಳ್ಳುವ ಬಲವೂ ಇದೆ, ಆದರೆ ಕಡಿಮೆ. ಅದಕ್ಕೇ ಉತ್ತರ, ಪಶ್ಚಿಮದ ಅಂಚಿನಲ್ಲಿ ಉದ್ದಕ್ಕೂ ಕಂದಕಗಳಿರುವ ಪೆಸಿಫಿಕ್ ಫಲಕ ವರ್ಷಕ್ಕೆ 7ರಿಂದ 10 ಸೆಂ.ಮೀ. ಓಡಿದರೆ, ಇಳಿಯುವ ಅಂಚು ಹೆಚ್ಚು ಇಲ್ಲದ ಆಫ್ರಿಕಾ ಫಲಕ 2-3 ಸೆಂ.ಮೀ.ಗೇ ನಿಲ್ಲುತ್ತದೆ.

‘ತೇಲು’ ಪೂರ್ತಿ ಬಿಡಬೇಕು ಅಂತಲ್ಲ. ಹಗುರವಾದ ಖಂಡದ ಕವಚ ಎತ್ತರಕ್ಕೆ ನಿಲ್ಲುವುದನ್ನು ಹೇಳಲು ಅದು ಸರಿಯಾದ ಪದ. ಹಿಮಾಲಯ ಅಷ್ಟು ಎತ್ತರ ನಿಂತಿರುವುದು ಅದರ ಅಡಿಯಲ್ಲಿ ಕವಚ 70 ಕಿ.ಮೀ.ಯಷ್ಟು ದಪ್ಪ ಇರುವುದರಿಂದಲೇ. ಚಲನೆಗೆ ಮಾತ್ರ ‘ಸರಿಯುತ್ತವೆ’ ಅಂದರೆ ಸಾಕು ಅನ್ನಿಸುತ್ತೆ.

ಇನ್ನೊಂದು, ಫಲಕ ಅಂದರೆ ಬರೀ ‘ಭೂಕವಚದ ತುಂಡು’ ಅಲ್ಲ. ಸಾಗರದಡಿಯ ಕವಚ 7 ಕಿ.ಮೀ. ಅಷ್ಟೇ, ಫಲಕ ಸುಮಾರು 100 ಕಿ.ಮೀ. ದಪ್ಪ, ಮ್ಯಾಂಟಲ್‌ನ ಮೇಲ್ಪದರವೂ ಅದರಲ್ಲೇ ಸೇರಿದೆ. ಈ ಎರಡೂ ಸೇರಿದ ಗಟ್ಟಿ ಪದರವೇ ಶಿಲಾಗೋಳ, ಹಾಗಾಗಿ ‘ಶಿಲಾಗೋಳದ ತುಂಡು’ ಅನ್ನಬೇಕು. ಹಾಗಾದರೆ ಅದರ ಕೆಳಗಿನ ಮೆತ್ತಗಿನ ಪದರ, ಅಸ್ತೆನೋಸ್ಫಿಯರ್, ಅದಕ್ಕೆ ಏನನ್ನೋಣ? ‘ಮೆದುಪದರ’ ಅಂದರೆ ಕರಗಿದ್ದು ಅಂತ ಮತ್ತೆ ಅದೇ ತಪ್ಪು ಅರ್ಥ ಬರುತ್ತಾ? ಭೂವಿಜ್ಞಾನ ಕನ್ನಡದಲ್ಲೇ ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.