ಅಪ್‌ಡೇಟ್: ತಮ್ಮ ಮತ್ತೆ ಹಾರುತ್ತಿದ್ದಾನೆ

ಸೋಲೋ (ಒಬ್ಬನೇ ಹಾರಿಸುವ) ಲ್ಯಾಂಡಿಂಗ್‌ನಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನದ ಮುಂದಿನ ಚಕ್ರ ಮುರಿದಿದೆ, ತಮ್ಮನ ಪೈಲಟ್ ಟ್ರೇನಿಂಗ್ ಇಲ್ಲಿಗೇ ಮುಗೀತಾ ಅಂತ ಕೇಳಿದ್ದೆ ಅಲ್ವಾ? ಇಲ್ಲ, ಮುಗಿದಿಲ್ಲ.

ಇಳಿಯುವಾಗ ವೇಗ ಜಾಸ್ತಿ ಇತ್ತಂತೆ. ಚಕ್ರ ತಾಗಿದ ಕೂಡಲೇ ವಿಮಾನ ಮೇಲಕ್ಕೆ ನೆಗೆಯಿತು. ಇವನು ಗಾಬರಿಯಲ್ಲಿ ಯೋಕ್ (ಮೂಗನ್ನು ಏರಿಸಿ ಇಳಿಸುವ ಹಿಡಿ) ಮುಂದಕ್ಕೆ ಒತ್ತಿಬಿಟ್ಟ. ಮೂಗು ನೆಲಕ್ಕೆ ಬಡಿಯಿತು, ಮತ್ತೆ ನೆಗೆಯಿತು, ಮೂರನೇ ಸಲಕ್ಕೆ ಚಕ್ರವೇ ಹೋಯಿತು. ಮೊದಲ ನೆಗೆತಕ್ಕೇ ಫುಲ್ ಪವರ್ ಕೊಟ್ಟು ಗೋ-ಅರೌಂಡ್ ಮಾಡಬೇಕಿತ್ತು, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಬೇಕಿತ್ತು.

ಪ್ರೊಪೆಲರ್ ತುದಿಗಳು ಹಿಂದಕ್ಕೆ ಮಡಚಿಕೊಂಡಿದ್ದವು. ಓಡುತ್ತಿದ್ದ ಪ್ರೊಪೆಲರ್ ನೆಲಕ್ಕೆ ಬಡಿದರೆ ಎಂಜಿನ್ ಬಿಚ್ಚಿ ನೋಡಬೇಕು. ನಿಜವಾದ ಖರ್ಚು ಅಲ್ಲೇ, ಚಕ್ರದ್ದಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ವರದಿ ಹೋಯಿತು. ಇವನಿಗೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಬರೀ ಲ್ಯಾಂಡಿಂಗ್ ಅಭ್ಯಾಸ ಮಾಡಿಸಿದರು. ಕಳೆದ ವಾರ ಮತ್ತೆ ಸೋಲೋ ಸಿಕ್ಕಿತು. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.