ಪದ ಬೇಕು: ಮಾಸ್ಟ್ ಕೋಶದ ‘ಡಿಗ್ರಾನ್ಯುಲೇಶನ್’ (ತುರ್ತು)

ಕೇಳಿದ್ದು, ಮೈಸೂರಿನಿಂದ:
ಅಲರ್ಜಿ ಶಿಬಿರದ ಪೋಸ್ಟರ್ ನಾಳೆ ಪ್ರಿಂಟ್‌ಗೆ ಹೋಗಬೇಕು. ಅಲರ್ಜಿಯಾದಾಗ ಮಾಸ್ಟ್ ಎಂಬ ರಕ್ಷಣಾ ಕೋಶ ತನ್ನ ಕಣಗಳಲ್ಲಿರುವುದನ್ನು ಹೊರಹಾಕುವುದಕ್ಕೆ ‘ಕಣವಿಸರ್ಜನೆ’ ಎಂದು ಹಾಕಿದ್ದೇನೆ. ಜೊತೆಗೆ, ಹೊರಬರುವ ವಸ್ತುಗಳಿಗೆ ‘ಉರಿಯೂತದ ಮಧ್ಯವರ್ತಿಗಳು’. ನಡೆಯುತ್ತದಾ? ಓದುವವರು ಹಳ್ಳಿಗಳಿಂದ ಬರುವ ರೋಗಿಗಳು.

ಮಂಡ್ಯದಿಂದ:
ವಿಸರ್ಜನೆ ಬೇಡ. ಒಂದೋ ಗಣಪತಿ ನೆನಪಾಗುತ್ತಾನೆ, ಇಲ್ಲಾ ಕಕ್ಕಸು. ಮಧ್ಯವರ್ತಿ ಅಂದ್ರೆ ಬೆಲ್ಲದ ಮಂಡಿಯ ದಲ್ಲಾಳಿ. ‘ಬಿಡು’ ಸಾಕು. ನಾಲೆಗೆ ನೀರು ಬಿಟ್ಟರು ಅಂತೀವಿ, ಅಲ್ವಾ? ಉರಿಯೂತವನ್ನು ಮಾತ್ರ ಮುಟ್ಟಬೇಡಿ. ಉರಿ, ಊತ, ನಡುವೆ ಯಕಾರಾಗಮ. ಇಂಗ್ಲಿಷಿನ ‘ಇನ್‌ಫ್ಲಮೇಶನ್’ ಪದದೊಳಗೆ ಬರೀ ಬೆಂಕಿ ಇದೆ, ಊತ ಇಲ್ಲ.

ಮೈಸೂರಿನಿಂದ, ಇನ್ನೊಬ್ಬರು:
ಸಂಸ್ಕೃತದ ‘ಕೋಶ’ವೇ ಯಾಕೆ? ಅಚ್ಚಗನ್ನಡದಲ್ಲಿ ಸೂಲುಗೂಡು ಅನ್ನಿ. ‘ಮಾಸ್ಟ್’ ಕೂಡ ಬೇಡ. ಅದು ವಿಜ್ಞಾನಿ ಪೌಲ್ ಎರ್ಲಿಕ್ 1878ರಲ್ಲಿ ಬಳಸಿದ ಜರ್ಮನ್ ಹೆಸರು. ದನ, ಹಂದಿಯನ್ನು ಮೇಯಿಸಿ ಕೊಬ್ಬಿಸುವುದು ಅಂತ ಅರ್ಥ. ಒಳಗಿನ ಕಣ ನೋಡಿ, ಚೆನ್ನಾಗಿ ಉಂಡ ಕೋಶ ಅಂದುಕೊಂಡ. ‘ಕೊಬ್ಬುಗೂಡು’ ಸರಿಹೋಗುತ್ತದೆ.

ಮಂಡ್ಯದಿಂದ:
ಇಲ್ಲಿ ಹಸು ಕೊಳ್ಳುವಾಗ ‘ಎಷ್ಟನೇ ಸೂಲು?’ ಅಂತ ಕೇಳುತ್ತಾರೆ. ಅಲರ್ಜಿ ಪೋಸ್ಟರಿಗೆ ಬೇಡ ಸ್ವಾಮಿ.

ಮಂಡ್ಯದಿಂದ, ವೈದ್ಯರು:
ಕೊಬ್ಬುಗೂಡು ಅಂದ್ರೆ ಕೊಬ್ಬಿನ ಕೋಶ. ಅದು ಬೇರೆ. ಎರ್ಲಿಕ್ ಊಹೆಯೂ ನಿಲ್ಲಲಿಲ್ಲ. ಆ ಕಣಗಳು ತಿಂದದ್ದಲ್ಲ, ಕೋಶ ತಾನೇ ಮಾಡಿಟ್ಟುಕೊಂಡ ದಾಸ್ತಾನು.

ಮೊದಲು ಕೆಲಸ ನೋಡಿ, ಪದ ಆಮೇಲೆ. ಮಾಸ್ಟ್ ಕೋಶದ ಮೈಮೇಲೆ ಐಜಿಇ ಪ್ರತಿಕಾಯಗಳು ಕೂತಿರುತ್ತವೆ. ಒಗ್ಗದ ವಸ್ತು ಬಂದು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಕಣದ ಚೀಲ ಕೋಶದ ಪೊರೆಗೆ ಬೆಸೆದುಕೊಂಡು ಹೊರಕ್ಕೆ ಬಾಯಿ ತೆರೆಯುತ್ತದೆ. ಅದರಲ್ಲಿದ್ದ ಹಿಸ್ಟಮಿನ್, ಹೆಪಾರಿನ್, ಟ್ರಿಪ್ಟೇಸ್ ಎಂಬ ವಸ್ತುಗಳು ನಿಮಿಷಗಳಲ್ಲಿ ಹೊರಗೆ. ಕೋಶ ಸಾಯುವುದಿಲ್ಲ, ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ‘ಸಿಡಿ’, ‘ಒಡೆ’ ಎರಡೂ ತಪ್ಪು.

ಇನ್ನು ಉರಿಯೂತ ತರುವ ಬೇರೆ ವಸ್ತುಗಳಾದ ಪ್ರೊಸ್ಟಗ್ಲಾಂಡಿನ್, ಲ್ಯೂಕೋಟ್ರೈನ್ ದಾಸ್ತಾನಿನಲ್ಲಿ ಇರುವುದೇ ಇಲ್ಲ. ಪೊರೆಯ ಕೊಬ್ಬಿನಿಂದ ಆಗ ತಾನೇ ತಯಾರಾಗುತ್ತವೆ. ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಸೈಟೊಕೈನ್‌ಗಳಲ್ಲಿ ಹೆಚ್ಚಿನವು ಬರುವುದು ಗಂಟೆಗಳಾದ ಮೇಲೆ. ಇವನ್ನೂ ಕಣದ ಲೆಕ್ಕಕ್ಕೆ ಸೇರಿಸಬೇಡಿ. ಎಲ್ಲಕ್ಕೂ ಹೊಂದುವುದು ‘ಬಿಡು’ ಒಂದೇ.

ಮೈಸೂರಿನಿಂದ, ಇನ್ನೊಬ್ಬರು:
ಅಲರ್ಜಿಗಾದರೂ ‘ನಂಜು’ ಅನ್ನಬಹುದಲ್ಲ? ಬದನೆಕಾಯಿ ನಂಜು ಅಂತ ಎಲ್ಲರೂ ಹೇಳುತ್ತಾರೆ.

ವೈದ್ಯರು:
ಕೂಡದು. ಗಾಯ ಕೀವಾದರೂ ನಂಜೇ. ಬದನೆಕಾಯಿ ಅಲರ್ಜಿ ಬಗ್ಗೆ ನಿಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರೇ ಅಧ್ಯಯನ ಮಾಡಿದ್ದಾರೆ. ತಿಂದರೆ ಆಗಲ್ಲ ಅಂದವರಲ್ಲಿ ಐಜಿಇ ಸಿಕ್ಕಿದ್ದು ಕೆಲವರಲ್ಲಷ್ಟೇ.

ಮೈಸೂರಿನಿಂದ, ಇನ್ನೊಬ್ಬರು:
ಹಾಗಾದರೆ ಮಾಸ್ಟ್, ಹಿಸ್ಟಮಿನ್, ಅಲರ್ಜಿ ಎಲ್ಲ ಹಾಗೇ ಇರಲಿ. ಕನ್ನಡಕ್ಕೆ ವಿಭಕ್ತಿ ಪ್ರತ್ಯಯ ಉಳಿಯಿತಲ್ಲ, ಸಂತೋಷ.

ಮಂಡ್ಯದಿಂದ:
‘ಆಸ್ಪತ್ರೆ’ ಎಲ್ಲಿಂದ ಬಂತು? ಅದನ್ನು ತೆಗೆದು ‘ಮದ್ದಿನಮನೆ’ ಅಂತ ಬೋರ್ಡ್ ಹಾಕಿ. ಯಾರು ಬರುತ್ತಾರೋ ನೋಡೋಣ.

ಕೇಳಿದವರು:
ಜಗಳ ಆಮೇಲೆ ಆಡಿ. ಪ್ರಿಂಟ್‌ಗೆ ಕೊಡುತ್ತಿರುವುದು ಇದು: ‘ಮಾಸ್ಟ್ ಕೋಶ ಹಿಸ್ಟಮಿನ್ ಮತ್ತಿತರ ಉರಿಯೂತ ತರುವ ವಸ್ತುಗಳನ್ನು ಬಿಡುತ್ತದೆ. ಅದರಿಂದ ತುರಿಕೆ, ಊತ, ಪಿತ್ತಗಂಧೆ.’ ಪಕ್ಕದಲ್ಲಿ ಕಾಂಗ್ರೆಸ್ ಗಿಡದ ಚಿತ್ರ ಹಾಕಲಾ?

ವೈದ್ಯರು:
ಬೇಡ. ಆ ಗಿಡ ತಾಗಿ ಚರ್ಮ ಕೆಡುವುದು ಹೆಚ್ಚಾಗಿ ಟಿ ಕೋಶ ಎಂಬ ಬೇರೆ ರಕ್ಷಣಾ ಕೋಶಗಳ ಕೆಲಸ. ಹೆಜ್ಜೇನು ಹಾಕಿ.