ಕಟಾಫ್ ಫ್ರೀಕ್ವೆನ್ಸಿಗೆ ‘ಕಡಿತ ಆವೃತ್ತಿ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮಾಡಿಸುತ್ತೇನೆ. ಕನ್ನಡ ಮೀಡಿಯಂನಿಂದ ಬಂದವರೇ ಜಾಸ್ತಿ. ಅವರಿಗೋಸ್ಕರ ಕನ್ನಡದಲ್ಲೇ ಲ್ಯಾಬ್ ಟಿಪ್ಪಣಿ ಬರೆಯುತ್ತಿದ್ದೇನೆ.

‘ಫಿಲ್ಟರ್’ ಹಾಗೇ ಇರಲಿ. ಶೋಧಕ ಅಂದರೆ ಹುಡುಕುವವನೂ ಆಗಿಬಿಡುತ್ತಾನೆ. ನಮ್ಮ ಕಾಫಿ ಸೀಮೆಯಲ್ಲಂತೂ ಫಿಲ್ಟರ್ ಯಾವತ್ತೋ ಕನ್ನಡ ಆಗಿದೆ. ತಲೆನೋವು ಇರುವುದು ಕಟಾಫ್ ಫ್ರೀಕ್ವೆನ್ಸಿಯದು, ಅಂದರೆ ಫಿಲ್ಟರ್ ಸಿಗ್ನಲನ್ನು ಹಾದುಹೋಗಲು ಬಿಡುವ ಭಾಗಕ್ಕೂ ತಗ್ಗಿಸುವ ಭಾಗಕ್ಕೂ ನಡುವಿನ ಗಡಿ ಆವೃತ್ತಿಯದು (ಆವೃತ್ತಿ ಅಂದರೆ ಫ್ರೀಕ್ವೆನ್ಸಿ).

‘ಕಡಿತ ಆವೃತ್ತಿ’ ಅಂತ ಬರೆದರೆ ಅಲ್ಲಿಗೆ ಸಿಗ್ನಲ್ ತುಂಡಾಗುತ್ತದೆ ಅಂತಲೇ ಮಕ್ಕಳು ನಂಬುತ್ತಾರೆ. 1.6 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಲೋ ಪಾಸ್ ಫಿಲ್ಟರ್ (ಕಡಿಮೆ ಆವೃತ್ತಿಯನ್ನು ಹಾದುಹೋಗಲು ಬಿಟ್ಟು ಹೆಚ್ಚಿನದನ್ನು ತಗ್ಗಿಸುವಂಥದ್ದು) ಕಟ್ಟಿದರೆ ಕಟಾಫ್ ಹೆಚ್ಚೂಕಡಿಮೆ 1000 ಹರ್ಟ್ಸ್. 1 ವೋಲ್ಟ್ ಸೈನ್ ವೇವ್ ಕೊಟ್ಟು, ಔಟ್‌ಪುಟ್ ಸಿಗ್ನಲನ್ನು ಗ್ರಾಫ್ ಆಗಿ ತೋರಿಸುವ ಸಿಆರ್‌ಒದಲ್ಲಿ ನೋಡಿ. 100 ಹರ್ಟ್ಸ್‌ನಲ್ಲಿ ಬಹುತೇಕ ಪೂರ್ತಿ ಬರುತ್ತದೆ. 1000ದಲ್ಲಿ 0.7 ವೋಲ್ಟ್. 2000ದಲ್ಲೂ 0.45 ಇದೆ. 10,000ಕ್ಕೆ ಹೋದಾಗ 0.1. ‘ಸಾರ್, ಕಟ್ಟೇ ಆಗ್ತಿಲ್ವಲ್ಲ, ಕೆಪಾಸಿಟರ್ ಹೋಗಿದೆಯಾ?’ ಅಂತ ಒಬ್ಬ ಅದನ್ನು ಬದಲಾಯಿಸಿಯೇ ಬಿಟ್ಟ!

ಸಕಲೇಶಪುರ ದಾಟಿದ ಮೇಲೆ ಘಾಟಿ ಇಳಿಯುತ್ತದಲ್ಲ, ಹಾಗೆ ಇದು. ಅಲ್ಲಿಂದ ಇಳಿಜಾರು ಶುರು, ರಸ್ತೆಯೇನೂ ಮುಗಿಯುವುದಿಲ್ಲ.

‘ಅರ್ಧಶಕ್ತಿ ಆವೃತ್ತಿ’ ಅಂದರೆ ಹೇಗೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ವೋಲ್ಟೇಜ್ 0.707ಕ್ಕೆ ಇಳಿದಾಗ ಶಕ್ತಿ (ಪವರ್) ಅರ್ಧ ಆಗುವುದು ನಿಜ. ಮೈನಸ್ 3 ಡೆಸಿಬಲ್ ಅನ್ನುವುದು ಅದನ್ನೇ. ಸಿಗ್ನಲ್ ಹಾದುಹೋಗುವ ಭಾಗದಲ್ಲಿ ಗ್ರಾಫ್ ಸಮತಟ್ಟಾಗಿರುವ ಬಟರ್‌ವರ್ತ್ ಫಿಲ್ಟರ್‌ಗೂ ಸರಿಹೋಗುತ್ತದೆ. ಆದರೆ ಆ ಭಾಗದಲ್ಲೇ ಗ್ರಾಫ್ ಸ್ವಲ್ಪ ಏರಿಳಿಯುವ ಚೆಬಿಷೆವ್ ಫಿಲ್ಟರ್‌ನಲ್ಲಿ ಏರಿಳಿತದ ಪಟ್ಟಿಯಿಂದ ಗ್ರಾಫ್ ಹೊರಬೀಳುವ ಜಾಗವನ್ನೇ ಸಾಮಾನ್ಯವಾಗಿ ಕಟಾಫ್ ಅನ್ನುತ್ತಾರೆ. ಅಲ್ಲಿ ಅರ್ಧಶಕ್ತಿಯ ಮಾತೇ ಇರಬೇಕಾಗಿಲ್ಲ. ‘ತಡೆ ಆವೃತ್ತಿ’ಯೂ ಬೇಡ. ರೆಸಿಸ್ಟೆನ್ಸ್‌ಗೆ ಕೆಲವರು ಆಗಲೇ ‘ತಡೆ’ ಅಂತಾರೆ, ಸುಮ್ನೆ ಗೊಂದಲ.

ಸದ್ಯಕ್ಕೆ ‘ಇಳಿತದ ಆವೃತ್ತಿ’ ಅಂತ ಬರೆದುಕೊಂಡಿದ್ದೇನೆ. ಲೋ ಪಾಸ್‌ಗೆ ಚೆನ್ನಾಗಿ ಕೂರುತ್ತದೆ. ಹೆಚ್ಚಿನ ಆವೃತ್ತಿಯನ್ನು ಹಾದುಹೋಗಲು ಬಿಡುವ ಹೈ ಪಾಸ್‌ನಲ್ಲಿ ಗ್ರಾಫನ್ನು ಎಡದಿಂದ ಬಲಕ್ಕೆ ಓದಿದರೆ ಅದು ಇಳಿತ ಅಲ್ಲ, ಏರಿಕೆ ಮುಗಿಯುವ ಜಾಗ ಅಲ್ವಾ? ಎರಡಕ್ಕೂ ಒಪ್ಪುವ ಪದ ಬೇಕು. ‘ತಿರುವು ಆವೃತ್ತಿ’ ಅಂದರೆ ಹೇಗೆ? ಪಾಠ ಮಾಡುವಾಗ ನೀವು ಏನಂತೀರಿ?